ತಂತಿ ಹೊಲಿದ ಎದೆಯ ಫೋಟೊ

ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರೆ ಎದೆಯ ನಟ್ಟನಡುವೆ, ಕುತ್ತಿಗೆಯ ಬುಡದಿಂದ ಕೆಳಕ್ಕೆ, ನಾಲ್ಕೋ ಐದೋ ಸಣ್ಣ ಬಿಳಿ ಕುಣಿಕೆಗಳು ಸಾಲಾಗಿ ಕಾಣುತ್ತವೆ. ಪ್ರತಿ ಕುಣಿಕೆಯ ತುದಿಯಲ್ಲೂ ತಿರುಚಿ ಮಡಿಸಿದ ಗಂಟು. ಸುತ್ತಲಿನ ಎಲುಬಿಗಿಂತ ಅವು ಬೆಳ್ಳಗೆ. ಇವು ಸ್ಟೀಲ್ ತಂತಿಗಳು. ಹೃದಯದ ಆಪರೇಷನ್ನಿಗೆ ಎದೆಮೂಳೆಯನ್ನು ಉದ್ದಕ್ಕೆ ಸೀಳಬೇಕು. ಕೆಲಸ ಮುಗಿದ ಮೇಲೆ ಎರಡು ಹೋಳುಗಳನ್ನು ಕೂಡಿಸಿ ಈ ತಂತಿಯಿಂದ ಬಿಗಿಯುತ್ತಾರೆ. ಫಿಲ್ಮ್ ನೋಡುವ ವೈದ್ಯರಿಗೆ ರೋಗಿ ಬಾಯಿ ಬಿಡುವ ಮೊದಲೇ ಅರ್ಧ ಕಥೆ ಗೊತ್ತಾಗುತ್ತದೆ. ಉಳಿದರ್ಧ ಗೊತ್ತಾಗುವುದು ಮಾತ್ರ ಕಷ್ಟ.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆ ಈ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಹುಟ್ಟಿನಿಂದ ಹೃದಯದೋಷವಿರುವ ಮಗುವಿನ ಆಪರೇಷನ್ ಈ ತಾಲ್ಲೂಕುಗಳಲ್ಲಿ ಆಗುವುದಿಲ್ಲ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ ಹುಮನಾಬಾದ್ ಇದೆ. ಬಸವಕಲ್ಯಾಣಕ್ಕೆ ಅದೇ ಹೆದ್ದಾರಿಯ ಸಸ್ತಾಪುರ ಬಂಗ್ಲಾದಿಂದ ಒಳಗೆ ತಿರುಗಬೇಕು. ಮಗುವನ್ನು ಎತ್ತಿಕೊಂಡ ಕುಟುಂಬ ಆ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಹೈದರಾಬಾದ್, ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರ, ದಕ್ಷಿಣಕ್ಕೆ ತಿರುಗಿದರೆ ಕಲಬುರಗಿ. ಬೆಂಗಳೂರು ಆರುನೂರು ಕಿಲೋಮೀಟರಿಗೂ ಹೆಚ್ಚು. ಆಪರೇಷನ್ ಆಗುವುದು ದೂರದಲ್ಲಿ. ಆಮೇಲೆ ಕೆಮ್ಮು, ಜ್ವರ ಬಂದಾಗ ತೋರಿಸುವುದು ಊರಲ್ಲಿ. ‘ಎದಿ ಫೋಟೊ ತಗಿಸ್ಕೊಂಡು ಬರ್ರಿ’ ಎಂದು ಚೀಟಿ ಬರೆಯುವ ಊರಿನ ವೈದ್ಯರು ಆ ಮಗುವಿನ ಹೃದಯ ಮೊದಲು ಹೇಗಿತ್ತೆಂದು ನೋಡಿರುವುದಿಲ್ಲ.

ಈ ಭಾಗದ ಬಡ ಮಕ್ಕಳಿಗೆ ಹೃದಯದ ಆಪರೇಷನ್ ಕೈಗೆಟುಕಿದ್ದು ಇತ್ತೀಚೆಗೆ. 2010ರಲ್ಲಿ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಾಗ ಮೊದಲು ಆರಿಸಿಕೊಂಡದ್ದು ಆಗಿನ ಗುಲ್ಬರ್ಗ ವಿಭಾಗವನ್ನೇ. ಹೃದಯದ ಶಸ್ತ್ರಚಿಕಿತ್ಸೆ ಆ ಯೋಜನೆಯ ದೊಡ್ಡ ಭಾಗವಾಗಿತ್ತು. 2013ರಲ್ಲಿ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು; ಹುಟ್ಟು ಹೃದಯದೋಷ ಅದರ ಪಟ್ಟಿಯಲ್ಲಿದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಲಬ್‌ಡಬ್ ನಡುವೆ ‘ಸುಯ್’ ಎಂಬ ಸದ್ದು ಕೇಳಿದರೆ ಮಗುವಿನ ಹೆಸರು ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. 2018ರಿಂದ ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತ್ ಕಾರ್ಡುಗಳ ಕಾಲ. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ ಸಿಕ್ಕಿತು.

ಕನ್ನಡದ ಮನೆಮನೆಗೆ ‘ಹೃದಯದಲ್ಲಿ ರಂಧ್ರ’ ಎಂಬ ಮಾತು ಮುಟ್ಟಿದ್ದು ಬಹುಶಃ 2003ರ ಜುಲೈನಲ್ಲಿ. ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಓಡಿದಾಗ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗು ಅದರಲ್ಲಿ ಬಂದು, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯದ ರಂಧ್ರ ಮುಚ್ಚಿಸಿಕೊಂಡು ಹೋಯಿತು. ಪತ್ರಿಕೆಗಳು ಆ ಮಗುವಿನ ನಗುವನ್ನು ಮುಖಪುಟದಲ್ಲಿ ಹಾಕಿದವು. ಅದರ ಎಕ್ಸ್‌ರೇಯನ್ನು ಯಾರೂ ಹಾಕಲಿಲ್ಲ. ಹಾಕಿದ್ದರೂ ಓದುಗರಿಗೆ ರಂಧ್ರ ಕಾಣುತ್ತಿರಲಿಲ್ಲ.

ಇದು ಬಹಳ ಜನರಿಗೆ ತಿಳಿಯದ ಸಂಗತಿ. ಹೃದಯದ ರಂಧ್ರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆ ಕಿರಣಗಳಿಗೆ ಗೊತ್ತಿರುವುದು ನಾಲ್ಕೈದು ಛಾಯೆ ಮಾತ್ರ: ಗಾಳಿ ಕಪ್ಪು, ಕೊಬ್ಬು ಮಾಸಲು, ರಕ್ತ ಮತ್ತು ಮಾಂಸ ಬೂದು, ಎಲುಬು ಬಿಳಿ, ಲೋಹ ಅಚ್ಚಬಿಳಿ. ಹೃದಯದ ಗೋಡೆ ಮಾಂಸ, ಒಳಗಿರುವುದು ರಕ್ತ. ಎರಡೂ ಒಂದೇ ಬೂದು ಬಣ್ಣವಾದ್ದರಿಂದ ಗೋಡೆ ಎಲ್ಲಿ, ಕೋಣೆ ಎಲ್ಲಿ, ತೂತು ಎಲ್ಲಿ ಎಂದು ಬೇರ್ಪಡಿಸಲಾಗದು. ರಂಧ್ರ ಮುಚ್ಚಿದ ತೇಪೆಯೂ ಕಾಣದು. ಅದು ಮಗುವಿನದೇ ಹೃದಯದ ಹೊರಪೊರೆಯ ತುಂಡಾಗಿರಬಹುದು, ಡೇಕ್ರಾನ್ ಬಟ್ಟೆಯಾಗಿರಬಹುದು. ತೂತು, ತೇಪೆ, ಕವಾಟದ ಸೋರಿಕೆ ನೋಡಲು ಎಕೋ ಪರೀಕ್ಷೆಯೇ ಬೇಕು. ಎಕ್ಸ್‌ರೇ ತೋರಿಸುವುದು ಹೃದಯದ ಹೊರಗೆರೆ, ಅದರ ಗಾತ್ರ, ಶ್ವಾಸಕೋಶದಲ್ಲಿ ಹರಡಿದ ರಕ್ತನಾಳಗಳ ದಪ್ಪ ಮತ್ತು ಅಕ್ಕಪಕ್ಕದ ಸುದ್ದಿ. ಅಷ್ಟರಿಂದಲೇ ಒಳಗಿನದನ್ನು ಊಹಿಸಬೇಕು.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರವಿದ್ದರೆ ಏನಾಗುತ್ತದೆ? ಎಡಗೋಣೆಯ ಒತ್ತಡ ಹೆಚ್ಚು, ಬಲಗೋಣೆಯದು ಕಡಿಮೆ. ಮೇಲಿನ ಹೊಲದ ಬದು ಒಡೆದರೆ ನೀರು ಕೆಳಗಿನ ಹೊಲಕ್ಕೆ ನುಗ್ಗುವ ಹಾಗೆ ಎಡಗಡೆಯ ರಕ್ತ ಬಲಕ್ಕೆ ನುಗ್ಗಿ, ಅಲ್ಲಿಂದ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಶ್ವಾಸಕೋಶಕ್ಕೆ ಒಂದು ಪಾಲು ಹೋಗಬೇಕಾದಲ್ಲಿ ಎರಡು ಮೂರು ಪಾಲು ಹೋಗುತ್ತದೆ. ಮಗು ಎರಡು ಗುಟುಕು ಹಾಲು ಕುಡಿದು ಏದುಸಿರು ಬಿಟ್ಟು ನಿಲ್ಲಿಸುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ. ಪಕ್ಕೆ ಒಳಗೆ ಸೆಳೆಯುತ್ತದೆ, ಮತ್ತೆ ಮತ್ತೆ ನ್ಯುಮೋನಿಯಾ. ಎಕ್ಸ್‌ರೇಯಲ್ಲಿ ಹೃದಯ ಎರಡೂ ಕಡೆ ಉಬ್ಬಿರುತ್ತದೆ. ಶ್ವಾಸಕೋಶದ ನಾಳಗಳು ಅಂಚಿನವರೆಗೂ ದಪ್ಪವಾಗಿ ಕಾಣುತ್ತವೆ. ಆರೋಗ್ಯವಂತ ಎದೆಯಲ್ಲಿ ಅವು ಅಂಚು ತಲುಪುವ ಹೊತ್ತಿಗೆ ಕಣ್ಣಿಗೆ ಬೀಳದಷ್ಟು ಸಣ್ಣವಾಗಿರುತ್ತವೆ.

ರಂಧ್ರ ಮುಚ್ಚಿದ ಮೇಲೆ ಇದೆಲ್ಲ ಹಿಂದಕ್ಕೆ ಸರಿಯತೊಡಗುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಶ್ವಾಸಕೋಶದ ನಾಳಗಳು ಬೇಗ ಸಣ್ಣಗಾಗುತ್ತವೆ. ಹಿಗ್ಗಿದ ಹೃದಯ ಕುಗ್ಗಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಹಸುಗೂಸಿನ ಹೃದಯ ಚೆನ್ನಾಗಿಯೇ ಕುಗ್ಗುತ್ತದೆ. ಮೇಲಿನ ಕೋಣೆಗಳ ನಡುವಿನ ರಂಧ್ರವನ್ನು ಮೂವತ್ತೋ ನಲವತ್ತೋ ವಯಸ್ಸಿನಲ್ಲಿ ಮುಚ್ಚಿಸಿಕೊಂಡವರ ಹೃದಯದ ಬಲಭಾಗ ಪೂರ್ತಿ ಹಳೆಯ ಅಳತೆಗೆ ಬರದೆಯೂ ಇರಬಹುದು. ಅಂಥವರ ರಿಪೋರ್ಟಿನಲ್ಲಿ ‘ಕಾರ್ಡಿಯೋಮೆಗಲಿ’, ಅಂದರೆ ಹೃದಯ ದೊಡ್ಡದಾಗಿದೆ ಎಂದು ಬರೆದಿದ್ದರೆ ಅದು ಹೊಸ ರೋಗವೂ ಇರಬಹುದು, ಹಳೆಯದರ ಉಳಿಕೆಯೂ ಇರಬಹುದು. ಹಳೆಯ ಫಿಲ್ಮ್ ಪಕ್ಕದಲ್ಲಿದ್ದರೆ ಒಂದು ನಿಮಿಷದಲ್ಲಿ ತೀರ್ಮಾನವಾಗುವ ಸಂಗತಿ ಇದು. ಇಲ್ಲದಿದ್ದರೆ ಕಲಬುರಗಿಗೋ ಹೈದರಾಬಾದಿಗೋ ಓಡಬೇಕು.

ಗಾತ್ರವನ್ನು ಅಳೆಯುವ ಬಗೆ ಸರಳ. ಸ್ಕೇಲ್ ಹಿಡಿದು ಹೃದಯದ ಅತಿ ಅಗಲದ ಅಳತೆ ತೆಗೆದುಕೊಳ್ಳಬೇಕು, ಅದನ್ನು ಎದೆಗೂಡಿನ ಒಳಗಿನ ಅತಿ ಅಗಲದಿಂದ ಭಾಗಿಸಬೇಕು. ದೊಡ್ಡವರಲ್ಲಿ ಅದು ಅರ್ಧ ಮೀರಬಾರದು; ನವಜಾತ ಶಿಶುವಿನಲ್ಲಿ 0.6ರವರೆಗೆ ಒಪ್ಪುತ್ತಾರೆ. ಆದರೆ ಮಲಗಿಸಿ ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಮೂಡುತ್ತದೆ. ಉಸಿರು ಬಿಟ್ಟಾಗ ತೆಗೆದರೂ ಹಾಗೆಯೇ. ಅಳುವ ಮಗುವಿಗೆ ‘ಉಸಿರು ಎಳೆದು ಹಿಡಿ’ ಎಂದು ಯಾವ ಟೆಕ್ನಿಷಿಯನ್ ಹೇಳಿಯಾನು? ಮಗು ಸ್ವಲ್ಪ ಓರೆಯಾದರೂ ಗೆರೆಗಳೆಲ್ಲ ಬದಲಾಗುತ್ತವೆ. ಐಸಿಯುನಲ್ಲಿ ಮಲಗಿಸಿ ತೆಗೆದ ಫಿಲ್ಮನ್ನು ಮೂರು ತಿಂಗಳ ಮೇಲೆ ನಿಲ್ಲಿಸಿ ತೆಗೆದದ್ದರ ಪಕ್ಕ ಇಟ್ಟು ‘ನೋಡಿ, ಎಷ್ಟು ಸಣ್ಣದಾಗಿದೆ’ ಎಂದು ಸಂತೋಷಪಡುವುದರಲ್ಲಿ ಒಂದಷ್ಟು ಭಾಗ ಕ್ಯಾಮೆರಾ ಕೋನದ ಕೊಡುಗೆ.

ಐಸಿಯುನಲ್ಲಿ ತೆಗೆದ ಮೊದಲ ಎಕ್ಸ್‌ರೇ ನೋಡಿದರೆ ಹೆತ್ತವರ ಎದೆ ಧಸಕ್ ಎನ್ನುತ್ತದೆ. ಅಷ್ಟು ಚಿಕ್ಕ ಎದೆಯ ತುಂಬ ಬಿಳಿ ಗೆರೆಗಳ ಗೋಜಲು. ಉಸಿರಿನ ನಳಿಗೆ, ಕುತ್ತಿಗೆಯಿಂದ ಇಳಿದ ಔಷಧದ ನಳಿಗೆ, ಮೂಗಿನಿಂದ ಹೊಟ್ಟೆಗೆ ಹೋದ ಕೊಳವೆ, ರಕ್ತ ಮತ್ತು ನೀರು ಹೊರಗೆ ಹರಿಯಲು ಪಕ್ಕದಲ್ಲಿ ತೂರಿಸಿದ ದಪ್ಪ ಪೈಪು, ಹೃದಯಬಡಿತ ಕಾಯುವ ಕೂದಲೆಳೆಯಂಥ ಪೇಸಿಂಗ್ ತಂತಿ. ವೈದ್ಯರು ಮೊದಲು ನೋಡುವುದೇ ಇವುಗಳ ತುದಿ ಎಲ್ಲಿದೆ ಎಂದು. ಉಸಿರಿನ ನಳಿಗೆ ಒಂದು ಸೆಂಟಿಮೀಟರ್ ಕೆಳಗಿಳಿದರೂ ಹಸುಗೂಸಿನಲ್ಲಿ ಅದು ಬಲ ಶ್ವಾಸನಾಳಕ್ಕೆ ಹೊಕ್ಕು, ಎಡ ಶ್ವಾಸಕೋಶಕ್ಕೆ ಗಾಳಿಯೇ ಹೋಗದೆ ಆ ಭಾಗ ಮುದುಡಿಕೊಳ್ಳಬಹುದು. ಎಡ ಶ್ವಾಸಕೋಶದ ಕೆಳಭಾಗ ಹೃದಯದ ಹಿಂದೆ ಮುದುಡಿ ತ್ರಿಕೋನದ ನೆರಳಾಗಿ ಕಾಣುವುದು ಈ ಆಪರೇಷನ್ನುಗಳ ನಂತರ ತೀರ ಸಾಮಾನ್ಯ. ಉಸಿರಾಟದ ವ್ಯಾಯಾಮ, ಬೆನ್ನು ತಟ್ಟುವುದು, ಮಗ್ಗುಲು ಬದಲಿಸುವುದು, ಇಷ್ಟರಿಂದ ಬಹುಪಾಲು ತೆರೆದುಕೊಳ್ಳುತ್ತದೆ.

ಇನ್ನೆರಡು ಸಂಗತಿಗಳು ತಡವಾಗಿ ಬಯಲಾಗುತ್ತವೆ. ಹೃದಯದ ಪಕ್ಕದಲ್ಲೇ ಹಾದುಹೋಗುವ ಫ್ರೆನಿಕ್ ಎಂಬ ನರ ವಪೆಯನ್ನು, ಅಂದರೆ ಎದೆ–ಹೊಟ್ಟೆಗಳ ನಡುವಿನ ಸ್ನಾಯುಪರದೆಯನ್ನು, ಆಡಿಸುತ್ತದೆ. ಆಪರೇಷನ್ ವೇಳೆ ಅದಕ್ಕೆ ಪೆಟ್ಟಾದರೆ ಆ ಕಡೆಯ ವಪೆ ಕೆಲಸ ನಿಲ್ಲಿಸಿ ಮೇಲೇರಿ ಕೂರುತ್ತದೆ. ವೆಂಟಿಲೇಟರಿನ ಒತ್ತಡವಿರುವವರೆಗೆ ಇದು ಮುಚ್ಚಿಹೋಗಿರುತ್ತದೆ; ನಳಿಗೆ ತೆಗೆದ ಮೇಲೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಸಹಜವಾಗಿ ಬಲಗಡೆಯ ವಪೆ ಎಡಕ್ಕಿಂತ ತುಸು ಮೇಲಿರುತ್ತದೆ, ಆದ್ದರಿಂದ ಎಡದ್ದು ಮೇಲಿದ್ದರೆ ಅನುಮಾನ ಗಟ್ಟಿ. ಇನ್ನೊಂದು, ಕೊಬ್ಬಿನಂಶ ಹೊತ್ತು ಸಾಗುವ ದುಗ್ಧನಾಳಕ್ಕೆ ಗಾಯವಾಗುವುದು. ಮಗು ಬಾಯಲ್ಲಿ ಹಾಲು ಕುಡಿಯಲು ಶುರುಮಾಡಿದ ಮೇಲೆ ಪಕ್ಕದ ಪೈಪಿನಲ್ಲಿ ಹಾಲಿನಂಥದೇ ಬಿಳಿ ದ್ರವ ಇಳಿಯುತ್ತದೆ. ಎಕ್ಸ್‌ರೇ ‘ಎದೆಗೂಡಿನಲ್ಲಿ ನೀರಿದೆ’ ಎಂದಷ್ಟೇ ಹೇಳೀತು; ಅದರ ಬಣ್ಣ ಹೇಳುವುದು ಪೈಪಿನ ಕೆಳಗಿನ ಬಾಟಲಿ. ಆಗ ಕೆಲವು ವಾರ ಮಗುವಿಗೆ ಸಾಮಾನ್ಯ ಕೊಬ್ಬಿಲ್ಲದ ವಿಶೇಷ ಆಹಾರ ಕೊಡಬೇಕಾಗುತ್ತದೆ.

ಥೈಮಸ್ ಗ್ರಂಥಿಯ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯಕರ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಹೊದಿಸಿದಂತೆ ಇರುವ ಈ ಗ್ರಂಥಿ ಹಸುಗೂಸಿನಲ್ಲಿ ದೊಡ್ಡದು, ವಯಸ್ಸಾಗುತ್ತ ಕುಗ್ಗುತ್ತದೆ. ಆರೋಗ್ಯವಂತ ಕೂಸಿನ ಎಕ್ಸ್‌ರೇಯಲ್ಲಿ ಹೃದಯದ ಮೇಲ್ಭಾಗ ಅಗಲವಾಗಿ ಕಾಣುವುದು ಇದರಿಂದಲೇ. ಹೃದಯವನ್ನು ತಲುಪಲು ಇದು ಅಡ್ಡ ಬರುವುದರಿಂದ ಸರ್ಜನ್ ಬಹುಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಹಾಗಾಗಿ ಆಪರೇಷನ್ ನಂತರ ಎದೆಯ ಮೇಲ್ಭಾಗದ ನೆರಳು ಒಮ್ಮೆಗೇ ಕಿರಿದಾಗುತ್ತದೆ. ಉಳಿದ ತುಣುಕು ಕೆಲವು ಮಕ್ಕಳಲ್ಲಿ ತಿಂಗಳುಗಳ ನಂತರ ಮತ್ತೆ ಬೆಳೆಯುತ್ತದೆ. ಹಿಂದಿನ ಫಿಲ್ಮಿನಲ್ಲಿ ಇಲ್ಲದ್ದು ಈಗ ಕಾಣುತ್ತಿದೆ ಎಂದರೆ ಗಡ್ಡೆಯೇ ಎಂದು ಯಾರಾದರೂ ಹೆದರುವುದು ಸಹಜ. ಒಂದು ಅಲ್ಟ್ರಾಸೌಂಡ್ ಸಾಕು, ಅದು ಚಿಗುರಿದ ಥೈಮಸ್ ಎಂದು ಗೊತ್ತಾಗಲು.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಆರು ವಾರ ಊರಿನ ವೈದ್ಯರೂ ಹೆತ್ತವರೂ ಎಚ್ಚರ ತಪ್ಪಬಾರದ ಕಾಲ. ಹೃದಯದ ಸುತ್ತಲಿನ ಚೀಲವನ್ನು ಆಪರೇಷನ್ನಿನಲ್ಲಿ ಕತ್ತರಿಸಿ ತೆರೆದಿರುತ್ತಾರೆ. ಕೆಲವರಲ್ಲಿ ಅದು ಕೆರಳಿ, ಒಳಗೆ ನೀರು ತುಂಬತೊಡಗುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಯ ಆರು ವರ್ಷದ ಹುಡುಗಿ ಎಂದು ಇಟ್ಟುಕೊಳ್ಳೋಣ; ಮೇಲಿನ ಕೋಣೆಗಳ ನಡುವಿನ ರಂಧ್ರ ಮುಚ್ಚಿಸಿಕೊಂಡು ಬಂದು ಮೂರು ವಾರವಾಗಿದೆ. ಸಣ್ಣ ಜ್ವರ, ಊಟ ಸೇರುತ್ತಿಲ್ಲ, ವಾಂತಿ, ಮಲಗಿದರೆ ಎದೆನೋವು. ಜಾತ್ರೆಯಲ್ಲಿ ಏನೋ ತಿಂದಿದ್ದಾಳೆ ಎಂದು ಗುಳಿಗೆ ಕೊಟ್ಟು ಕಳಿಸಿಬಿಡುವುದು ಸುಲಭ. ಎದೆಯ ಎಕ್ಸ್‌ರೇ ತೆಗೆಸಿ, ಬಿಡುಗಡೆಯ ದಿನದ ಫಿಲ್ಮಿನ ಪಕ್ಕ ಹಿಡಿದರೆ ಹೃದಯದ ನೆರಳು ಎರಡೂ ಕಡೆ ದುಂಡಗೆ ಊದಿರುವುದು ಗೊತ್ತಾಗುತ್ತದೆ. ಅಂಥ ಮಗುವನ್ನು ಆ ದಿನವೇ ಎಕೋ ಇರುವ ಕಡೆ ಕಳಿಸಬೇಕು, ಏಕೆಂದರೆ ನೀರು ಬೇಗ ತುಂಬಿದರೆ ಹೃದಯಕ್ಕೆ ಅರಳಲು ಜಾಗ ಸಾಲದೆ ಜೀವಕ್ಕೇ ಕುತ್ತು. ಸಮಯಕ್ಕೆ ಹಿಡಿದರೆ ಹೆಚ್ಚಿನವರಿಗೆ ಉರಿಯೂತ ತಗ್ಗಿಸುವ ಔಷಧ ಸಾಕಾಗುತ್ತದೆ. ಕೆಲವರಲ್ಲಿ ಸೂಜಿ ಹಾಕಿ ನೀರು ತೆಗೆಯಬೇಕಾಗುತ್ತದೆ. ಕೇವಲ ಹೊಸ ಫಿಲ್ಮ್ ನೋಡಿದವರಿಗೆ ‘ಹೃದಯ ದೊಡ್ಡದು, ಆಪರೇಷನ್ ಆದವರಲ್ಲಿ ಇರುವುದೇ’ ಎಂದು ಅನಿಸಬಹುದು. ಎರಡು ಫಿಲ್ಮುಗಳ ಬೆಲೆ ಇಲ್ಲಿ ತಿಳಿಯುತ್ತದೆ.

‘ಸಾಹೇಬ್ರ, ತಂತಿ ತೆಗಿಬೇಕಾಗ್ತದೇನ್ರಿ?’ ಇದು ಹೆತ್ತವರ ಮಾಮೂಲು ಪ್ರಶ್ನೆ. ಬೇಕಿಲ್ಲ. ಎದೆಮೂಳೆ ಕೂಡಿಕೊಂಡ ಮೇಲೂ ತಂತಿ ಅಲ್ಲೇ ಇರುತ್ತದೆ. ಮಗು ಬೆಳೆದಂತೆ ಒಂದೆರಡು ತುಂಡಾಗುವುದೂ ಉಂಟು. ನೋವು, ಊತ, ಕೀವು ಇಲ್ಲದಿದ್ದರೆ ಅದರ ಗೋಜಿಗೆ ಹೋಗುವುದಿಲ್ಲ. ಆಪರೇಷನ್ ಆದ ಹೊಸತರಲ್ಲಿ ಕುಣಿಕೆಗಳು ಸಾಲು ತಪ್ಪಿ ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಸರಿದಿದ್ದರೆ ಮಾತ್ರ ಮೂಳೆಯ ಹೋಳುಗಳೇ ಬಿಟ್ಟುಕೊಂಡಿವೆ ಎಂದರ್ಥ. ಅದನ್ನು ಸರ್ಜನ್ ನೋಡಬೇಕು. ಪುಟ್ಟ ಶಿಶುಗಳಲ್ಲಿ ಕರಗುವ ದಾರದಿಂದಲೂ ಹೊಲಿಯುತ್ತಾರೆ, ಅವರ ಎಕ್ಸ್‌ರೇಯಲ್ಲಿ ತಂತಿಯೇ ಇರುವುದಿಲ್ಲ. ತಂತಿ ಕಾಣಲಿಲ್ಲವೆಂದು ಆಪರೇಷನ್ ಆಗಿಲ್ಲ ಎಂದುಕೊಳ್ಳುವಂತಿಲ್ಲ.

ಎಕ್ಸ್‌ರೇ ಮತ್ತು ಹುಟ್ಟು ಹೃದಯದೋಷದ ಚಿಕಿತ್ಸೆ, ಎರಡರ ನಂಟು ಹಳೆಯದು. ರಾಂಟ್ಜೆನ್ ಈ ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಅದಕ್ಕೂ ಏಳು ವರ್ಷ ಮೊದಲು, 1888ರಲ್ಲಿ, ಫ್ರಾನ್ಸಿನ ಮಾರ್ಸೇಯಲ್ಲಿ ಎಟಿಯೆನ್ ಫ್ಯಾಲೋ ಎಂಬ ವೈದ್ಯ ‘ನೀಲಿ ರೋಗ’ದ ಶವಪರೀಕ್ಷೆಗಳಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುವುದನ್ನು ವಿವರಿಸಿದ್ದ. ಕೆಳಕೋಣೆಗಳ ನಡುವೆ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಮಹಾಪಧಮನಿ ರಂಧ್ರದ ಮೇಲೆ ಸವಾರಿ ಮಾಡಿರುವುದು, ಬಲಗೋಣೆಯ ಗೋಡೆ ದಪ್ಪ. ಇಂಥ ಮಕ್ಕಳ ತುಟಿ, ಉಗುರು ನೀಲಿ. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತವೆ, ಹಾಗೆ ಕೂತರೆ ಶ್ವಾಸಕೋಶಕ್ಕೆ ಹೋಗುವ ರಕ್ತ ಸ್ವಲ್ಪ ಹೆಚ್ಚುತ್ತದೆಂದು ದೇಹಕ್ಕೆ ತಾನಾಗಿ ಗೊತ್ತು. ಎಕ್ಸ್‌ರೇಯಲ್ಲಿ ಹೃದಯದ ತುದಿ ಮೇಲಕ್ಕೆದ್ದು, ಎಡ ಅಂಚು ಒಳಕ್ಕೆ ತಗ್ಗಿ, ನೆರಳು ಬೂಟಿನ ಹಾಗೆ ಮೂಡುತ್ತದೆ. ಶ್ವಾಸಕೋಶ ಅಗತ್ಯಕ್ಕಿಂತ ಕಪ್ಪು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಲೆನ್ ಟಾಸಿಗ್ ಈ ಬೂಟಿನ ಆಕಾರವನ್ನು ವರ್ಷಗಟ್ಟಲೆ ನೋಡಿದಾಕೆ. ಕಿವಿ ಸರಿಯಾಗಿ ಕೇಳದ ಆಕೆ ಮಕ್ಕಳ ಹೃದಯವನ್ನು ಬೆರಳಿಂದ ಮುಟ್ಟಿ, ಫ್ಲೂರೊಸ್ಕೋಪಿನ ಪರದೆಯ ಮೇಲೆ ಮಿಡಿಯುವ ನೆರಳನ್ನು ನೋಡಿ ರೋಗ ಹೇಳುವುದನ್ನು ಕಲಿತರು. ಹುಟ್ಟಿನ ಸಮಯದ ಒಂದು ಹೆಚ್ಚುವರಿ ನಾಳ ತೆರೆದಿದ್ದ ನೀಲಿ ಮಕ್ಕಳು ಹೆಚ್ಚು ದಿನ ಬದುಕುತ್ತವೆ, ಅದು ಮುಚ್ಚಿಕೊಂಡ ಕೂಡಲೇ ಕುಸಿಯುತ್ತವೆ ಎಂಬುದು ಅವರ ಕಣ್ಣಿಗೆ ಬಿತ್ತು. ಹಾಗಿದ್ದರೆ ಅಂಥ ನಾಳವನ್ನು ನಾವೇ ಜೋಡಿಸಿದರೆ? 1944ರ ನವೆಂಬರ್ 29ರಂದು ಆಲ್ಫ್ರೆಡ್ ಬ್ಲಾಲಾಕ್ 15 ತಿಂಗಳ ಹೆಣ್ಣುಮಗುವಿನ ಕೈಗೆ ಹೋಗುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಹೊಲಿದರು. ಆ ಹೊಲಿಗೆಯನ್ನು ನಾಯಿಗಳ ಮೇಲೆ ಮೊದಲು ಸಾಧಿಸಿ ತೋರಿಸಿದ್ದವರು ಪ್ರಯೋಗಾಲಯದ ಕಪ್ಪುವರ್ಣೀಯ ಸಹಾಯಕ ವಿವಿಯನ್ ಥಾಮಸ್. ಅಂದು ಅವರು ಬ್ಲಾಲಾಕರ ಹಿಂದೆಯೇ ನಿಂತು ಹೇಳಿಕೊಡುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಲಾಗದ ಆತನ ಹೆಸರು ದಶಕಗಳವರೆಗೆ ಆ ಆಪರೇಷನ್ನಿನ ಹೆಸರಿನಲ್ಲಿ ಸೇರಲಿಲ್ಲ.

ಆ ಬಗೆಯ ಜೋಡಣೆ ಇಂದಿಗೂ ಇದೆ; ಈಗ ಕೈಯ ಧಮನಿಯನ್ನು ಕತ್ತರಿಸದೆ ನಡುವೆ ಗೋರ್‌ಟೆಕ್ಸ್ ಕೊಳವೆ ಇಡುತ್ತಾರೆ. ಪಕ್ಕೆಯ ಕಡೆಯಿಂದ ಮಾಡಿದ್ದರೆ ಎಕ್ಸ್‌ರೇಯಲ್ಲಿ ಆ ಕಡೆಯ ಪಕ್ಕೆಲುಬುಗಳು ಒತ್ತೊತ್ತಾಗಿರುತ್ತವೆ, ಒಂದೆರಡು ಸೊಟ್ಟಗಾಗಿ ದಪ್ಪವಾಗಿರುತ್ತವೆ. ಅದೇ ಪಕ್ಕದ ಶ್ವಾಸಕೋಶದಲ್ಲಿ ನಾಳಗಳು ಇನ್ನೊಂದು ಪಕ್ಕಕ್ಕಿಂತ ಹೆಚ್ಚು ತುಂಬಿರಬಹುದು. ಹಳೆಯ ಪದ್ಧತಿಯ ಜೋಡಣೆ ಆದವರಿಗೆ ಆ ಕೈಯಲ್ಲಿ ನಾಡಿ ಕ್ಷೀಣ, ಬಿಪಿ ನೋಡಿದರೆ ಕಡಿಮೆ ಬರುತ್ತದೆ. ಪಕ್ಕೆಲುಬಿನ ಗುರುತು ನೋಡಿ ಇನ್ನೊಂದು ಕೈಯಲ್ಲಿ ಬಿಪಿ ಅಳೆಯಬೇಕೆಂಬುದು ಹೊಳೆದರೆ ಅದು ಎಕ್ಸ್‌ರೇಯನ್ನು ನಿಜವಾಗಿ ಓದಿದಂತೆ.

ಪೂರ್ಣ ದುರಸ್ತಿ ಶುರುವಾದದ್ದು 1954ರಲ್ಲಿ, ಮಿನ್ನೆಸೋಟದಲ್ಲಿ. ವಾಲ್ಟನ್ ಲಿಲ್ಲೆಹೈ ಮಗುವಿನ ರಕ್ತನಾಳಗಳನ್ನು ದೊಡ್ಡವರೊಬ್ಬರ, ಬಹುಪಾಲು ತಂದೆ ಅಥವಾ ತಾಯಿಯ, ನಾಳಗಳಿಗೆ ಜೋಡಿಸಿ ಅವರ ಹೃದಯವನ್ನೇ ಪಂಪಾಗಿ ಬಳಸಿದರು. ಭಾರತದಲ್ಲಿ 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ನಾಂದಿ ಹಾಡಿದವರು ಬಳ್ಳಾರಿಯಲ್ಲಿ ಹುಟ್ಟಿದ ಡಾ. ನಾಗರೂರು ಗೋಪಿನಾಥ್. ಇಂದು ಫ್ಯಾಲೋ ದೋಷದ ಮಗುವಿಗೆ ರಂಧ್ರ ಮುಚ್ಚಿ, ಶ್ವಾಸಕೋಶದ ಕಡೆಯ ಕಿರಿದಾದ ದಾರಿಯನ್ನು ತೇಪೆ ಹಾಕಿ ಅಗಲಿಸುತ್ತಾರೆ. ನೀಲಿ ಬಣ್ಣ ಹೋಗುತ್ತದೆ, ಮಗು ಓಡಾಡುತ್ತದೆ, ಹೆತ್ತವರು ಹರಕೆ ತೀರಿಸುತ್ತಾರೆ.

ಆದರೆ ಫಿಲ್ಮಿನಲ್ಲಿ ಕಥೆ ಮುಂದುವರಿಯುತ್ತದೆ. ಒಳಕ್ಕೆ ತಗ್ಗಿದ್ದ ಎಡ ಅಂಚು ತುಂಬಿಕೊಳ್ಳುತ್ತದೆ, ತೇಪೆ ಹಿಗ್ಗಿದರೆ ಅಲ್ಲಿ ಉಬ್ಬೇ ಮೂಡುತ್ತದೆ. ದಾರಿ ಅಗಲಿಸುವಾಗ ಅಲ್ಲಿನ ಕವಾಟ ಕೆಲಸ ಕಳೆದುಕೊಂಡಿರುವುದರಿಂದ ರಕ್ತ ಹಿಂದಕ್ಕೆ ಸೋರಿ ಬಲಗೋಣೆಗೇ ಬರುತ್ತಿರುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ ಏನೂ ಅನಿಸುವುದಿಲ್ಲ. ಬಲಗೋಣೆ ಮಾತ್ರ ನಿಧಾನಕ್ಕೆ ಹಿಗ್ಗುತ್ತಿರುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎದೆಮೂಳೆಯ ಹಿಂದಿನ ಕಪ್ಪು ಜಾಗವನ್ನು ಅದು ತುಂಬಿಬಿಡುತ್ತದೆ. ತೇಪೆಯಲ್ಲೋ ಹಾಕಿದ ನಳಿಗೆಯಲ್ಲೋ ಸುಣ್ಣ ಕಟ್ಟಿ ಬಿಳಿ ಗೆರೆ ಕಾಣಬಹುದು. ಈ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಹಾಪಧಮನಿ ಎಡದ ಬದಲು ಬಲಕ್ಕೆ ಬಾಗಿರುತ್ತದೆ. ಅದು ಹುಟ್ಟಿನಿಂದ ಬಂದದ್ದು, ಸರ್ಜನ್ ಮಾಡಿದ್ದಲ್ಲ. ಆದರೂ ಅದನ್ನು ಹೊಸ ಗಡ್ಡೆಯೆಂದು ಭಾವಿಸಿ ಸಿಟಿ ಸ್ಕ್ಯಾನಿಗೆ ಬರೆದುಕೊಡುವ ಸಾಧ್ಯತೆ ಇದ್ದೇ ಇದೆ. ಎದೆಯ ಒಂದು ಎಕ್ಸ್‌ರೇಯ ವಿಕಿರಣ ಸುಮಾರು 0.02 ಮಿಲಿಸೀವರ್ಟ್, ನೆಲ ಆಕಾಶಗಳಿಂದ ಎಲ್ಲರಿಗೂ ಮೂರು ದಿನದಲ್ಲಿ ತಾನಾಗಿ ಸಿಗುವಷ್ಟು. ಸಿಟಿ ಸ್ಕ್ಯಾನಿನದು ಅದರ ನೂರಾರು ಪಟ್ಟು.

ಮಹಾಪಧಮನಿ ಒಂದೆಡೆ ಕಿರಿದಾಗಿರುವ ದೋಷದಲ್ಲಿ ರಕ್ತ ಪಕ್ಕೆಲುಬಿನ ಕೆಳಗಿನ ನಾಳಗಳ ಸುತ್ತುದಾರಿ ಹಿಡಿಯುತ್ತದೆ. ಉಬ್ಬಿದ ಆ ನಾಳಗಳು ಪಕ್ಕೆಲುಬಿನ ಕೆಳ ಅಂಚನ್ನು ಸವೆಸಿ ಕಚ್ಚು ಮೂಡಿಸುತ್ತವೆ. ದುರಸ್ತಿಯ ನಂತರವೂ ಆ ಕಚ್ಚುಗಳು ವರ್ಷಗಟ್ಟಲೆ ಉಳಿಯಬಹುದು. ಇನ್ನು ಎದೆ ಸೀಳದೆ ತೊಡೆಯ ನಾಳದ ಮೂಲಕ ರಂಧ್ರ ಮುಚ್ಚಿಸಿಕೊಂಡವರ ಫಿಲ್ಮಿನಲ್ಲಿ ತಂತಿಯ ಕುಣಿಕೆ ಇರುವುದಿಲ್ಲ. ಹೃದಯದ ನೆರಳಿನೊಳಗೆ ನಿಟಿನಾಲ್ ಜಾಲರಿಯ ಎರಡು ಪುಟ್ಟ ತಟ್ಟೆಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತವೆ. ಅವು ಇದ್ದ ಜಾಗದಲ್ಲೇ ಇವೆಯೇ ಎಂದು ನೋಡಲು ಎಕ್ಸ್‌ರೇ ಒಳ್ಳೆಯ ಸಾಧನ.

ಈ ಭಾಗದಲ್ಲಿ ಬೇರೊಂದು ಗೊಂದಲಕ್ಕೂ ದಾರಿಯಿದೆ. ಆಪರೇಷನ್ ನಂತರ ಎದೆಯಲ್ಲಿ ನೀರು ತುಂಬಿ ಒಣಗಿದ ಮೇಲೆ ಪೊರೆ ದಪ್ಪವಾಗಿ, ಶ್ವಾಸಕೋಶದ ಕೆಳಮೂಲೆ ಮೊಂಡಾಗಿ ಉಳಿಯುತ್ತದೆ. ಕ್ಷಯ ಗುಣವಾದವರಲ್ಲೂ ಹೀಗೆಯೇ ಉಳಿಯುತ್ತದೆ. ಆಪರೇಷನ್ ಆಗಿ ಎಂಟು ವರ್ಷವಾದ ಹುಡುಗನಿಗೆ ಎರಡು ವಾರ ಕೆಮ್ಮು ಬಂದು ಎಕ್ಸ್‌ರೇ ತೆಗೆಸಿದರೆ ಆ ಮೊಂಡು ಮೂಲೆ ಟಿಬಿಯ ಅನುಮಾನ ಹುಟ್ಟಿಸುತ್ತದೆ. ಅನುಮಾನ ತಪ್ಪಲ್ಲ, ಟಿಬಿ ನಮ್ಮಲ್ಲಿ ವಿರಳವೇನೂ ಅಲ್ಲ. ಕಫ ಪರೀಕ್ಷೆ ಮಾಡಿಸದೆ, ಹಳೆಯ ಫಿಲ್ಮ್ ಕೇಳದೆ, ಬರಿ ಆ ಮೂಲೆಯ ಆಧಾರದ ಮೇಲೆ ಆರು ತಿಂಗಳ ಗುಳಿಗೆ ಶುರುಮಾಡುವುದು ಮಾತ್ರ ತಪ್ಪು. ಮೂಲೆ ಎಂಟು ವರ್ಷದ ಹಿಂದೆಯೂ ಹಾಗೇ ಇತ್ತೆಂದು ತೋರಿಸುವ ಕಾಗದ ಮನೆಯಲ್ಲೇ ಇರಬಹುದು.

ಇರಬಹುದು, ಇಲ್ಲದೆಯೂ ಇರಬಹುದು. ಈಗಿನ ಡಿಜಿಟಲ್ ಎಕ್ಸ್‌ರೇಗಳನ್ನು ಮುದ್ರಿಸುವ ಹಲವು ಫಿಲ್ಮುಗಳು ಶಾಖಕ್ಕೆ ಕಪ್ಪಾಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಸೂರಿನ ಕೆಳಗೆ, ಪತ್ರಾಸ್ ಟ್ರಂಕಿನಲ್ಲಿ ಇಟ್ಟ ಫಿಲ್ಮ್ ಕೆಲವು ವರ್ಷಗಳಲ್ಲಿ ಓದಲಾಗದಂತಾಗುತ್ತದೆ. ದೊಡ್ಡ ಆಸ್ಪತ್ರೆ ಕೊಟ್ಟ ಸಿಡಿಯನ್ನು ತೆರೆಯುವ ಕಂಪ್ಯೂಟರ್ ಊರಿನಲ್ಲಿ ಸಿಗುವುದಿಲ್ಲ. ಸದ್ಯಕ್ಕೆ ಸುಲಭದ ಉಪಾಯವೆಂದರೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಸರು, ತಾರೀಖು, ಎಡ–ಬಲ ತೋರಿಸುವ ಅಕ್ಷರ ಎಲ್ಲ ಬರುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು ಇಬ್ಬರು ಮೂವರ ಫೋನಿನಲ್ಲಿ ಇಡುವುದು. ಡಿಸ್ಚಾರ್ಜ್ ಕಾರ್ಡಿನ ಪ್ರತಿ ಪುಟಕ್ಕೂ ಹೀಗೆಯೇ ಮಾಡಬೇಕು. ರೋಗನಿರ್ಣಯಕ್ಕೆ ಅದು ಚೊಕ್ಕ ಫಿಲ್ಮಿಗೆ ಸಮವಲ್ಲ. ಆದರೂ ‘ಮೊದಲೂ ಹೀಗೇ ಇತ್ತೇ?’ ಎಂಬ ಪ್ರಶ್ನೆಗೆ ಎಷ್ಟೋ ಸಲ ಅಷ್ಟು ಸಾಕು.

ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನೋಟ 18 ವರ್ಷಕ್ಕೆ ಮುಗಿಯುತ್ತದೆ. ಆಪರೇಷನ್ ಆದ ಮಗು ಅಷ್ಟರಲ್ಲಿ ಕಾಲೇಜಿನಲ್ಲಿರುತ್ತದೆ, ಅಥವಾ ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೋಗಿರುತ್ತದೆ. ಯಾರೂ ಕರೆದು ನೋಡುವುದಿಲ್ಲ. ಹೆಣ್ಣುಮಕ್ಕಳದು ಇನ್ನೂ ಬಿಗಿಯಾದ ಪರಿಸ್ಥಿತಿ. ಮದುವೆಯ ಮಾತು ಶುರುವಾದ ಮನೆಯಲ್ಲಿ ಆಸ್ಪತ್ರೆಯ ಫೈಲು ಅಟ್ಟ ಸೇರುವುದು ಹೊಸದೇನಲ್ಲ. ಗಾಯದ ಗುರುತನ್ನು ರವಿಕೆಯ ಕತ್ತು ಮುಚ್ಚುತ್ತದೆ. ಬಸುರಿಯಾದಾಗ ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ, ಸೋರುವ ಕವಾಟದ ಸಂಗತಿ ಆಗ ಹೊರಬರುತ್ತದೆ. ತಂತಿ ತೋರುವ ಎಕ್ಸ್‌ರೇಯನ್ನು ಬಸುರಿನಲ್ಲಿ ಸುಮ್ಮನೆ ತೆಗೆಸುವುದೂ ಇಲ್ಲ. ಮದುವೆಗೆ ಮೊದಲು ಒಮ್ಮೆ ಎಕೋ ಮಾಡಿಸಿ, ಅಗತ್ಯವಿದ್ದರೆ ಕವಾಟ ಬದಲಿಸಿಕೊಂಡರೆ ಇಷ್ಟು ಫಜೀತಿ ಇರುವುದಿಲ್ಲ. 2000ದಲ್ಲಿ ಫಿಲಿಪ್ ಬೊನ್‌ಹೋಫರ್ ಮೊದಲ ಬಾರಿಗೆ ಮಾಡಿ ತೋರಿಸಿದ ಮೇಲೆ ಶ್ವಾಸಕೋಶದ ದಾರಿಯ ಕವಾಟವನ್ನು ಎದೆ ಸೀಳದೆ, ಕ್ಯಾಥೆಟರ್ ಮೂಲಕವೇ ಕೂರಿಸುವ ಪದ್ಧತಿ ಬಂದಿದೆ. ಅದರ ಲೋಹದ ಚೌಕಟ್ಟು ಎಕ್ಸ್‌ರೇಯಲ್ಲಿ ಜಾಲರಿಯಾಗಿ ಕಾಣುತ್ತದೆ. ಆ ಜಾಲರಿಯ ಒಂದು ಕಡ್ಡಿ ಮುರಿದರೂ ಕವಾಟ ಕಿರಿದಾಗಬಹುದಾದ್ದರಿಂದ ಆಗಾಗ ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದು ಕಡ್ಡಿಗಳನ್ನು ನೋಡುತ್ತಾರೆ.

ಆ ಎರಡು ಎಕ್ಸ್‌ರೇ ತೆಗೆಯಲು ಬೆಂಗಳೂರೇ ಬೇಕೆಂದಿಲ್ಲ, ಹುಮನಾಬಾದಿನಲ್ಲೂ ಆಗುತ್ತದೆ. ಚೀಟಿಯಲ್ಲಿ ‘ಎದೆಯ ಎಕ್ಸ್‌ರೇ’ ಎಂದಷ್ಟೇ ಇದ್ದರೆ ಟೆಕ್ನಿಷಿಯನ್ ಎದುರಿನದೊಂದನ್ನು ತೆಗೆದು ಕಳಿಸುತ್ತಾನೆ. ದೋಷದ ಹೆಸರು, ಆಪರೇಷನ್ ಆದ ವರ್ಷ, ಒಳಗೆ ಹಾಕಿರುವುದು ತೇಪೆಯೋ ನಳಿಗೆಯೋ ಕವಾಟವೋ ಎಂಬುದು, ಜೊತೆಗೆ ‘ಎದುರಿನಿಂದ ಮತ್ತು ಪಕ್ಕದಿಂದ, ಹಳೆಯ ಫಿಲ್ಮಿನೊಂದಿಗೆ ಹೋಲಿಸಿ’ ಎಂಬ ಮಾತು ಆ ಚೀಟಿಯಲ್ಲಿರಬೇಕು. ವೈದ್ಯರು ಮರೆತರೆ ಕೇಳಿ ಬರೆಸಿಕೊಳ್ಳುವುದಕ್ಕೆ ರೋಗಿಗೂ ಹಕ್ಕಿದೆ.